ಲೆಕ್ಕವೆಂಬ ಮಾತಿನ ಹುಟ್ಟು

ದಿನವೊಂದರಲ್ಲಿ ನಾವು ‘ಲೆಕ್ಕ’ ಎಂಬ ಮಾತನ್ನು ಎಷ್ಟು ಸಲ ಆಡುತ್ತೇವೆಂಬುದನ್ನು ಯಾರೂ ಲೆಕ್ಕವಿಟ್ಟಿರಲಾರರು. ಬೆಳಗಾದರೆ ಹಾಲಿನ ಲೆಕ್ಕ. ಮಕ್ಕಳು ಪಾಠಶಾಲೆಯಿಂದ ಬಂದರೆ ಅವರು ಮಾಡತಕ್ಕ ಲೆಕ್ಕ. ತಿಂಗಳ ಮೊದಲಿಗೆ ಅಂಗಡಿಯ ಲೆಕ್ಕ. ಒಬ್ಬನ ಮೇಲೆ ಮುನಿಸು ಬಂದರೆ ‘ಅವನು ನನಗೆ ಯಾವ ಲೆಕ್ಕ’ ಎನ್ನುತ್ತೇವೆ. ಜಾತ್ರೆಗೆ ನೆರೆದ ಜನಕ್ಕೆ ‘ಲೆಕ್ಕವಿಲ್ಲ’. ಹೀಗೆ ಅಡಿಗೆಯ ಮನೆಯಿಂದ ಸರ್ಕಾರದ ಖಜಾನೆಯವರೆಗೆ ತಡೆಯಿಲ್ಲದೆ ಓಡಾಡುವ ಈ ಪುಟ್ಟ ಮಾತು ಎಲ್ಲಿಂದ ಬಂದಿತು, ಬರುವಾಗ ಏನನ್ನು ಹೊತ್ತು ತಂದಿತು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ. ಬಳಸಿ ಸವೆದ ನಾಣ್ಯದ ಮೇಲಣ ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಮ್ಮೊಮ್ಮೆ ಒಬ್ಬ ಅರಸನ ಹೆಸರೇ ಕಾಣುವುದುಂಟು. ಮಾತುಗಳ ವಿಷಯವೂ ಹಾಗೆಯೇ.

ಮೊದಲು ಹೇಳತಕ್ಕದ್ದೇನೆಂದರೆ, ಒಂದು ಎರಡು ಮೂರು ಎಂದು ಎಣಿಸುವುದಕ್ಕೆ ಕನ್ನಡಕ್ಕೆ ಲೆಕ್ಕವೆಂಬ ಮಾತು ಬೇಕಾಗಿಯೇ ಇರಲಿಲ್ಲ. ಆ ಕೆಲಸಕ್ಕೆ ‘ಎಣಿಕೆ’ ಇದ್ದಿತು. ಅದು ನಮ್ಮ ಮನೆಯ ಮಾತು. ತಮಿಳಿನ ‘ಎಣ್’ ಎಂಬುದರ ಒಡಹುಟ್ಟು. ಈ ಎಣಿಸುವಿಕೆಯ ಸ್ವಭಾವವನ್ನು ಗಮನಿಸಬೇಕು. ಎಣಿಸುವುದೆಂದರೆ ಸಂಖ್ಯೆ ಹೇಳುವುದು ಮಾತ್ರವಲ್ಲ, ಭಾವಿಸುವುದೂ ಹೌದು. ‘ಹಾಗೆಂದು ಎಣಿಸಿದ್ದೆ’ ಎಂದರೆ ಹಾಗೆಂದು ಮನಸ್ಸಿನಲ್ಲಿ ತಿಳಿದಿದ್ದೆ ಎಂದರ್ಥ. ಕರಾವಳಿಯವರ ಮಾತಿನಲ್ಲಿ ಇದು ಇಂದಿಗೂ ದಿನಬಳಕೆ. ಆದುದರಿಂದ ಎಣಿಕೆಯು ನಡೆಯುವುದು ಮನಸ್ಸಿನಲ್ಲಿ, ಇಲ್ಲವೆ ನಾಲಗೆಯ ಮೇಲೆ. ಹಳ್ಳಿಯ ಕಣದಲ್ಲಿ ರಾಶಿಯನ್ನು ಅಳೆಯುವಾಗ ಮೊದಲನೆಯ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಕೂಗಿ, ಆಮೇಲೆ ‘ಎರಡು’ ‘ಮೂರು’ ಎಂದು ಸಾಗುವುದನ್ನು ಕೇಳಿದವರಿಗೆ ಈ ಮಾತು ತಿಳಿದೀತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವಾಯಿತು. ಅಳೆದವನ ಕೂಗು ಗಾಳಿಗೆ ಹೋಯಿತು. ಅದನ್ನು ಹಿಡಿದಿಟ್ಟುಕೊಳ್ಳುವವನು ಬೇರೊಬ್ಬನು ಪಕ್ಕದಲ್ಲಿ ಕುಳಿತಿರುತ್ತಿದ್ದನು. ನಮ್ಮ ಕಥೆ ಆ ಎರಡನೆಯವನದು.

ಲೆಕ್ಕವೆಂಬುದು ಸಂಸ್ಕೃತದ ‘ಲೇಖ್ಯ’ ಶಬ್ದದ ತದ್ಭವ. ಲೇಖ್ಯವೆಂದರೆ ಬರೆಯತಕ್ಕದ್ದು, ಬರೆಹದಲ್ಲಿರುವುದು. ಪ್ರಾಕೃತದಲ್ಲಿ ಅದು ‘ಲೆಕ್ಖ’ವಾಯಿತು; ಗಣನೆಯೆಂಬ ಅರ್ಥವೂ ಅಲ್ಲಿಯೇ ಸೇರಿಕೊಂಡಿತು. ಕನ್ನಡಕ್ಕೆ ಬಂದಾಗ ಮಹಾಪ್ರಾಣವೂ ಉದುರಿ ‘ಲೆಕ್ಕ’ವಾಗಿ ನಿಂತಿತು. ದೀರ್ಘಸ್ವರವು ಮೊಟಕಾಗಿ ಮುಂದಿನ ಒತ್ತಕ್ಷರವು ಸಜಾತೀಯವಾಗುವ ಈ ಕ್ರಮವು ನಮಗೆ ಹೊಸದಲ್ಲ. ‘ಕಾವ್ಯ’ವು ‘ಕಬ್ಬ’ವಾದುದೂ ಇದೇ ದಾರಿಯಲ್ಲಿ. ಹದಿಮೂರನೆಯ ಶತಮಾನದ ವ್ಯಾಕರಣಕಾರನಾದ ಕೇಶಿರಾಜನು ಇಂತಹ ಮಾರ್ಪಾಟುಗಳಿಗಾಗಿಯೇ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ತೆಲುಗಿನವರೂ ತುಳುವರೂ ಲೆಕ್ಕವೆಂದೇ ಹೇಳುತ್ತಾರೆ. ಹಿಂದಿಯಲ್ಲಿ ‘ಲೇಖಾ’ ಎಂದರೆ ಬರೆಹವಲ್ಲ, ಜಮಾಖರ್ಚು.

ಕವಿಯ ಕಬ್ಬವೂ ಕರಣಿಕನ ಲೆಕ್ಕವೂ ಒಂದೇ ಅಚ್ಚಿನಲ್ಲಿ ಎರಕವಾದವೆಂಬುದನ್ನು ಕೇಳಿ ಕವಿಗಳು ಮುಖ ಸಿಂಡರಿಸಬಹುದು, ನಾನೇನೂ ಮಾಡಲಾರೆ.

ಈ ವ್ಯುತ್ಪತ್ತಿಗೆ ನಮ್ಮ ಭಾಷೆಯಲ್ಲಿಯೇ ಒಬ್ಬ ಸಾಕ್ಷಿಯಿದ್ದಾನೆ. ಹಳೆಯ ಕನ್ನಡಿಗರು ಲೇಖನಿಯನ್ನು ‘ಲೆಕ್ಕಣಿಕೆ’ ಎನ್ನುತ್ತಿದ್ದರು. ಲೆಕ್ಕಣಿಕೆಯು ಎಣಿಸುವ ಸಾಧನವಲ್ಲ, ಬರೆಯುವ ಸಾಧನ. ತಾಯಿ ಸತ್ತಳು, ಮಗಳು ಬೇರೆ ಮನೆಯನ್ನು ಸೇರಿದಳು ಎಂಬಂತೆ ಲೆಕ್ಕದೊಳಗಿನ ಬರೆಹವು ನಮಗೆ ಮರೆತುಹೋದರೂ ಲೆಕ್ಕಣಿಕೆಯಲ್ಲಿ ಅದು ಉಳಿದುಕೊಂಡಿತು. ನಾವು ಮರೆತಿರುವುದಕ್ಕೆ ಗುರುತು ಏನೆಂದರೆ ‘ಬಾಯಿಲೆಕ್ಕ’ ಎಂಬ ಮಾತು. ಉಪಾಧ್ಯಾಯರು ಹಲಗೆ ಬಳಪಗಳನ್ನು ಕೆಳಗಿಡಿಸಿ ಹುಡುಗರಿಗೆ ಬಾಯಿಲೆಕ್ಕವನ್ನು ಹೇಳುತ್ತಾರಷ್ಟೆ. ಶಬ್ದದ ಮೂಲವನ್ನು ಹಿಡಿದು ಹೇಳಿದರೆ ಅದು ‘ಬಾಯಲ್ಲಿ ಬರೆದ ಬರೆಹ’ವಾಗುತ್ತದೆ! ಯಾವ ಹುಡುಗನೂ ಇದನ್ನು ಆಕ್ಷೇಪಿಸಿದ್ದನ್ನು ನಾನು ಕಾಣೆ. ಅವನ ಕಷ್ಟ ಅವನಿಗೆ.

ಬೇರೆ ದೇಶಗಳವರು ಈ ಕೆಲಸಕ್ಕೆ ಮಾತನ್ನು ಎಲ್ಲಿಂದ ತಂದುಕೊಂಡರೆಂಬುದನ್ನು ಇದರೊಡನೆ ಹೋಲಿಸಿ ನೋಡಬಹುದು. ರೋಮನರು ‘ಕಲ್ಕುಲಸ್’ ಎಂದರೆ ಹರಳುಕಲ್ಲು ಎನ್ನುತ್ತಿದ್ದರು. ಯೂರೋಪಿನ ಹಲವು ಭಾಷೆಗಳಲ್ಲಿ ಗಣನೆಗೆ ಇರುವ ಹೆಸರು ಆ ಹರಳಿನಿಂದ ಹುಟ್ಟಿತು. ಗ್ರೀಕರೂ ಹರಳುಗಳಿಂದಲೇ ಎಣಿಸಿದರು. ಸಭೆಯಲ್ಲಿ ಮತವನ್ನು ಕೊಟ್ಟದ್ದೂ ಹರಳುಗಳಿಂದಲೇ. ಅವರಿಗೆ ಗಣನೆಯೆಂದರೆ ಕೈಯಲ್ಲಿ ಹಿಡಿದು, ಅತ್ತಿತ್ತ ಸರಿಸಿ, ಕೊನೆಗೆ ಚೀಲಕ್ಕೆ ಸುರಿದು ಕಟ್ಟಿಡುವ ಪದಾರ್ಥ. ನಮಗೆ ಅದು ಗೆರೆ.

ಗೆರೆಯೆಂದು ಸುಮ್ಮನೆ ಹೇಳಲಿಲ್ಲ. ಲೇಖ್ಯಕ್ಕೆ ಮೂಲವಾದ ‘ಲಿಖ್’ ಧಾತುವಿಗೆ ಮೊದಲ ಅರ್ಥ ಬರೆಯುವುದಲ್ಲ, ಕೆರೆಯುವುದು, ಗೀರುವುದು. ‘ರೇಖೆ’ಯೂ ‘ಲೇಖೆ’ಯೂ ರಕಾರ ಲಕಾರಗಳ ಭೇದವುಳ್ಳ ಒಂದೇ ಮಾತು. ಅಕ್ಷರವನ್ನು ಕಂಡುಹಿಡಿಯುವುದಕ್ಕೆ ಎಷ್ಟೋ ಮುಂಚೆ ಮನುಷ್ಯನು ಮೂಳೆಯ ಮೇಲೆ, ಕೋಲಿನ ಮೇಲೆ, ಬಂಡೆಯ ಮೇಲೆ ಗೀರುಗಳನ್ನು ಹಾಕಿದನು. ನನ್ನ ಅಜ್ಜಿ ಅಕ್ಷರ ಬಾರದವಳು. ಅಡಿಗೆಯ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಪಾವು ಹಾಲಿಗೆ ಒಂದು ಗೆರೆ, ಮಜ್ಜಿಗೆಗೆ ಒಂದು ಚುಕ್ಕೆ, ಹಾಲು ಬಾರದ ದಿನ ಒಂದು ಸೊನ್ನೆ ಹಾಕುತ್ತಿದ್ದಳು. ದೀಪಾವಳಿಗೆ ಸುಣ್ಣ ಬಳಿಯುವವರು ಬಂದಾಗ ಆ ಒಂದು ಮೊಳದಷ್ಟು ಗೋಡೆಯನ್ನು ಮಾತ್ರ ಬಳಿಯಲು ಬಿಡುತ್ತಿರಲಿಲ್ಲ. ಹಾಲಿನವಳನ್ನು ಕರೆದು ನಿಲ್ಲಿಸಿ, ಇಬ್ಬರೂ ಗೆರೆಗಳ ಮೇಲೆ ಬೆರಳಿಟ್ಟು ನೋಡಿ, ಹಣ ಕೈ ಸೇರಿದ ಮೇಲೆಯೇ ಸುಣ್ಣದ ಕುಂಚಕ್ಕೆ ಅಪ್ಪಣೆ. ನಾವು ಓದಿದ ಹುಡುಗರು ಅದನ್ನು ಕಂಡು ನಗುತ್ತಿದ್ದೆವು. ಇಂದು ಯೋಚಿಸಿದರೆ, ಧಾತ್ವರ್ಥಕ್ಕೆ ಸರಿಯಾಗಿ ಲೆಕ್ಕವೆಂಬುದನ್ನು ಮಾಡುತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ ಎಂದು ತೋರುತ್ತದೆ. ಒಂದು ಮುಖ್ಯವಾದ ಅಂಶವೂ ಅಲ್ಲಿ ಕಾಣುತ್ತದೆ. ಗೆರೆ ಎಳೆದದ್ದು ತನ್ನ ನೆನಪಿಗಾಗಿ ಮಾತ್ರವಲ್ಲ. ಇನ್ನೊಬ್ಬಳ ಕಣ್ಣಿನ ಮುಂದೆ ತೋರಿಸುವುದಕ್ಕಾಗಿ.

ಎಣಿಸುವವನೂ ಬರೆಯುವವನೂ ಬೇರೆ ಬೇರೆ ಆಗಿದ್ದ ಕಾಲವೊಂದಿತ್ತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಮಾಡಿಸಿದುದು ತಮಗೆಲ್ಲ ತಿಳಿದ ವಿಷಯ. ಆ ಗ್ರಂಥದಲ್ಲಿ ‘ಅಕ್ಷಪಟಲ’ವೆಂಬ ಲೆಕ್ಕದ ಕಚೇರಿಯ ವರ್ಣನೆಯಿದೆ. ಆಷಾಢ ಮಾಸದ ಹುಣ್ಣಿಮೆಗೆ ವರ್ಷವು ಮುಗಿಯುತ್ತಿದ್ದಿತು. ಅಧಿಕಾರಿಗಳು ಮುದ್ರೆ ಹಾಕಿದ ಲೆಕ್ಕಗಳೊಡನೆ ಬಂದು ಒಪ್ಪಿಸಬೇಕಾಗಿದ್ದಿತು. ಪ್ರತಿಯೊಬ್ಬ ಅಧ್ಯಕ್ಷನ ಕೈಕೆಳಗೆ ಇರತಕ್ಕವರನ್ನು ಹೇಳುವಾಗ ಕೌಟಿಲ್ಯನು ಸಂಖ್ಯಾಯಕನನ್ನು ಬೇರೆ, ಲೇಖಕನನ್ನು ಬೇರೆ, ನಾಣ್ಯವನ್ನು ಪರೀಕ್ಷಿಸುವ ರೂಪದರ್ಶಕನನ್ನು ಬೇರೆ, ಉಳಿದ ಹಣವನ್ನು ಹಿಡಿಯುವ ನೀವೀಗ್ರಾಹಕನನ್ನು ಬೇರೆ ಹೇಳುತ್ತಾನೆ. ಒಬ್ಬನ ಮೇಲೊಬ್ಬನು ಕಣ್ಣಿಟ್ಟಿರಲೆಂಬುದು ಆ ಮಹಾನುಭಾವನ ಅಭಿಪ್ರಾಯವೆಂಬುದರಲ್ಲಿ ಸಂದೇಹವಿಲ್ಲ. ‘ನೀವಿ’ ಎಂದರೆ ಸೊಂಟದ ಉಡೆಯ ಗಂಟು. ಬಂದುದರಲ್ಲಿ ಹೋದುದನ್ನು ಕಳೆದು ಉಳಿದ ಮೊತ್ತಕ್ಕೂ ಅದೇ ಹೆಸರು. ಸೆರಗಿನ ತುದಿಗೆ ಕಾಸನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸುವ ನಮ್ಮ ಹೆಂಗಸರನ್ನು ನೋಡಿದವರಿಗೆ ಈ ರೂಪಕವನ್ನು ವಿವರಿಸಬೇಕಾಗಿಲ್ಲ.

ಕನ್ನಡ ನಾಡಿನಲ್ಲಿ ಈ ಸಂಖ್ಯಾಯಕನೂ ಲೇಖಕನೂ ಕೂಡಿ ಒಬ್ಬನೇ ಆದನು. ಅವನೇ ಕರಣಿಕ, ಅವನೇ ಸೇನಬೋವ. ನಮ್ಮ ಶಾಸನಗಳ ಕೊನೆಯ ಸಾಲುಗಳನ್ನು ಓದುವ ಅಭ್ಯಾಸವುಳ್ಳವರಿಗೆ ಸೇನಬೋವನು ಚಿರಪರಿಚಿತ. ದಾನದ ವಿವರ, ಭೂಮಿಯ ಎಲ್ಲೆ, ಶಾಪಾಶಯಗಳೆಲ್ಲ ಮುಗಿದ ಮೇಲೆ ‘ಇದನ್ನು ಬರೆದವನು ಇಂತಹ ಸೇನಬೋವ’ ಎಂದು ಬರುವುದು ಎಷ್ಟೋ ಕಡೆ ಉಂಟು. ಗದ್ದೆಯನ್ನು ಅಳೆದು ಕಂದಾಯವನ್ನು ಗೊತ್ತುಮಾಡಿದವನೇ ಕಲ್ಲಿನ ಬರೆಹಕ್ಕೂ ಪಾಠವನ್ನು ಒದಗಿಸುತ್ತಿದ್ದನು. ಆ ಸೇನಬೋವನೇ ನಾಲಗೆಯಿಂದ ನಾಲಗೆಗೆ ಉರುಳಿ ಶಾನುಭೋಗನಾದನು. ಕರಾವಳಿಯಲ್ಲಿ ಶಾನಭಾಗನಾಗಿ ಮನೆತನದ ಹೆಸರಾಗಿ ನಿಂತನು. ವಿಜಯನಗರದ ಕಾಲದ ‘ರಾಯಸ’ ‘ಸಂಪ್ರತಿ’ ಎಂಬ ಉದ್ಯೋಗಗಳೂ ಈ ಬಳಗಕ್ಕೆ ಸೇರಿದವುಗಳೇ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನೂ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ವ್ಯವಹಾರಗಣಿತವನ್ನೂ ರಚಿಸಿದರು. ಅವರದು ‘ಗಣಿತ’. ಶಾಸ್ತ್ರಕ್ಕೆ ಗಣಿತವೆಂಬ ಹೆಸರು ನಿಂತಿತು. ಹಾಗ ವೀಸಗಳ ತಕರಾರಿಗೆ ಲೆಕ್ಕವೆಂಬ ಹೆಸರು ನಿಂತಿತು. ಹಾಗವೆಂದರೆ ಹಣದ ಕಾಲುಭಾಗ, ವೀಸವೆಂದರೆ ಹದಿನಾರರಲ್ಲೊಂದು.

ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬೊಂದು ಪದವಿ ಬರುತ್ತದೆ. ದಂಡನಾಯಕರಂತಹ ದೊಡ್ಡ ಅಧಿಕಾರಿಗಳು ಧರಿಸಿದ ಪದವಿಯದು. ವೆರ್ಗಡೆಯೆಂದರೆ ಹೆಗ್ಗಡೆ; ಕಡಿತವೆಂದರೆ ಕಡತ. ಅರಮನೆಯ ಕಡತಗಳ ಮೇಲ್ವಿಚಾರಕನೆಂದು ಇದರ ಅರ್ಥ. ಇಂದು ಸರ್ಕಾರಿ ಕಚೇರಿಗಳಲ್ಲಿ ಕಡತವೆಂದರೆ ದಾರ ಕಟ್ಟಿದ ಕಾಗದದ ಕಟ್ಟು; ‘ಕಡತ ಮುಂದೆ ಹೋಗಿಲ್ಲ’ ಎಂಬ ಉತ್ತರವನ್ನು ಕೇಳದವರು ವಿರಳ. ಆದರೆ ಕಡತದಲ್ಲಿ ಮೊದಲು ಕಾಗದವೇ ಇರಲಿಲ್ಲ. ಲೆಕ್ಕದ ಕಥೆಯನ್ನು ಹೇಳತಕ್ಕವನು ಇಲ್ಲಿ ಸ್ವಲ್ಪ ನಿಲ್ಲಲೇಬೇಕು.

ಕಡತವು ಒಂದು ಬಟ್ಟೆ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಯ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡು ಮಗ್ಗುಲಿಗೂ ಬಳಿದು ಒಣಗಿಸುತ್ತಿದ್ದರು. ಒಣಗಿದ ಮೇಲೆ ಅದು ಕಪ್ಪಗೆ, ಗಟ್ಟಿಯಾಗಿ, ನುಣುಪಾಗಿ ಆಗುತ್ತಿದ್ದಿತು. ಅದನ್ನು ಕತ್ತರಿಸದೆ, ಒಂದರ ಮೇಲೊಂದು ಬರುವಂತೆ ಹಿಂದಕ್ಕೂ ಮುಂದಕ್ಕೂ ಮಡಿಸಿ, ಎರಡು ಕೊನೆಗಳಿಗೂ ಮರದ ಹಲಗೆಗಳನ್ನು ಹಚ್ಚಿದರೆ ಪುಸ್ತಕವಾಯಿತು. ಎಳೆದು ಬಿಟ್ಟರೆ ಮತ್ತೆ ಉದ್ದನೆಯ ಪಟ್ಟಿಯೇ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬವರು ೧೮೧೦ರಲ್ಲಿ ಪ್ರಕಟವಾದ ತಮ್ಮ ದಕ್ಷಿಣ ಹಿಂದೂಸ್ಥಾನದ ಚರಿತ್ರೆಯಲ್ಲಿ ಇದನ್ನು ಕಣ್ಣಾರೆ ಕಂಡು ವರ್ಣಿಸಿದ್ದಾರೆ. ಅವರು ಕೊಡುವ ಅಳತೆಯಂತೆ ಪಟ್ಟಿಯ ಅಗಲವು ಎಂಟು ಅಂಗುಲದಿಂದ ಒಂದು ಅಡಿ, ಉದ್ದವು ಹನ್ನೆರಡರಿಂದ ಹದಿನೆಂಟು ಅಡಿ. ಶ್ರೀಮಂತರ ಕಡತದ ಹಲಗೆಗಳಿಗೆ ಬಣ್ಣದ ಚಿತ್ತಾರ, ಮೇಲೆ ರೇಷ್ಮೆಯ ಚೀಲ. ಬಡವರದಕ್ಕೆ ಬರಿಯ ದಾರ.

ಇದರ ಮೇಲೆ ಬರೆಯುತ್ತಿದ್ದುದು ಬಳಪದಿಂದ. ಬೇಲೂರು ಹಳೆಯಬೀಡುಗಳ ಶಿಲ್ಪಿಗಳು ಉಳಿಯ ಕೆಳಗೆ ಬೆಣ್ಣೆಯಂತೆ ಪಳಗಿಸಿದ ಕಲ್ಲೂ ಬಳಪದ ಜಾತಿಯದೇ. ದೇವಾಲಯದಲ್ಲಿ ಅದು ಎಂಟು ನೂರು ವರ್ಷಗಳಿಂದ ಅಳಿಯದೆ ನಿಂತಿದೆ. ಕಡತದ ಮೇಲಾದರೋ ಒದ್ದೆಯ ಬಟ್ಟೆಯಿಂದ ಒರಸಿದರೆ ಮುಗಿಯಿತು. ನಮ್ಮ ಹಿರಿಯರು ದಾನಗಳನ್ನು ಕಲ್ಲಿಗೂ ತಾಮ್ರಕ್ಕೂ ಕೊಟ್ಟರು. ಕೊಡುಕೊಳ್ಳುವ ಲೆಕ್ಕವನ್ನು ಅಳಿಸಬಹುದಾದ ಕಪ್ಪು ಬಟ್ಟೆಗೆ ಕೊಟ್ಟರು.

ಅಳಿಸಬಹುದಾದುದನ್ನು ಜನ ಹೇಗೆ ನಂಬಿದರು? ಇದು ನನ್ನನ್ನು ಬಹಳ ಕಾಲ ಕಾಡಿದ ಪ್ರಶ್ನೆ. ವಿಲ್ಕ್ಸರೂ ಇದನ್ನು ಗಮನಿಸಿದ್ದಾರೆ. ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿಗಳ ಸಹಿತವಾಗಿ ಬರೆದಿದ್ದ ಸಾಲದ ಪತ್ರವನ್ನು ನ್ಯಾಯದೆದುರಿಗೆ ತಂದು ತೋರಿಸಿದುದನ್ನೂ, ಅದನ್ನು ಸಾಕ್ಷ್ಯವೆಂದು ಅಂಗೀಕರಿಸಿದುದನ್ನೂ ತಾವು ನೋಡಿದ್ದಾಗಿ ಅವರು ಹೇಳುತ್ತಾರೆ. ಮೋಸಕ್ಕೆ ಎಡೆಯಿದ್ದರೂ ಕಡತವು ಒಳ್ಳೆಯ ಕಾಗದದ ಮೇಲಣ ಒಳ್ಳೆಯ ಬರೆಹಕ್ಕಿಂತ ಹೆಚ್ಚು ಬಾಳುವ ವಸ್ತುವೆಂಬುದು ಅವರ ಮತ. ಇದರಲ್ಲಿ ತಪ್ಪಿಲ್ಲ. ಗೆದ್ದಲಿಗೂ ತೇವಕ್ಕೂ ಕಾಗದವು ಎಷ್ಟು ಬೇಗ ಸೋಲುತ್ತದೆಂಬುದು ಮಲೆನಾಡಿನವರಿಗೆ ಗೊತ್ತು. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳ ದೊಡ್ಡ ಸಂಗ್ರಹವೇ ಉಳಿದುಬಂದಿದೆ. ವಿದ್ವಾಂಸರು ಅವನ್ನು ಓದಿ ಚರಿತ್ರೆಗೆ ಬಳಸಿಕೊಂಡಿದ್ದಾರೆ. ಆಗುಂಬೆಯ ಆಸುಪಾಸಿನ ಆ ಮಳೆಯಲ್ಲಿ ಬಳಪದ ಗೆರೆ ಉಳಿದಿರುವುದು ಆಶ್ಚರ್ಯವಲ್ಲವೆ?

ಆದರೆ ಬಾಳಿಕೆಯು ಬೇರೆ, ನಂಬಿಕೆಯು ಬೇರೆ. ನನಗೆ ತೋರುವ ಸಮಾಧಾನವಿದು. ಲೆಕ್ಕವೆಂಬುದು ಒಬ್ಬನೇ ಬರೆದು ಒಬ್ಬನೇ ಇಟ್ಟುಕೊಳ್ಳುವ ವಸ್ತುವಾಗಿರಲಿಲ್ಲ. ಬರೆದವನು ಅದನ್ನು ಓದಿ ಹೇಳಬೇಕು, ಕೇಳಿದವನು ಹೌದೆನ್ನಬೇಕು, ನಡುವೆ ಇಬ್ಬರಿಗೂ ಬೇಕಾದವರು ಕುಳಿತಿರಬೇಕು. ಕಡತವನ್ನು ಒರಸುವುದು ಸುಲಭ, ಸರಿ. ಆದರೆ ಬೀದಿಯ ವರ್ತಕರೆಲ್ಲರ ನೆನಪನ್ನು ಒರಸುವುದು ಸುಲಭವಲ್ಲ. ಒಮ್ಮೆ ಒರಸಿ ಸಿಕ್ಕಿಬಿದ್ದವನ ಕಡತವನ್ನು ಮತ್ತೆ ಯಾರೂ ಕೈಯಿಂದ ಮುಟ್ಟುತ್ತಿರಲಿಲ್ಲ. ಇದೇ ಕಾರಣದಿಂದ ಈ ಏರ್ಪಾಡು ಸಮಬಲರಾದ ವರ್ತಕರ ನಡುವೆ ಚೆನ್ನಾಗಿ ನಡೆಯಿತು. ಸಮಬಲವಿಲ್ಲದ ಕಡೆ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಅಲೆಕ್ಸಾಂಡರನ ನೌಕಾಧಿಪತಿಯಾದ ನಿಯಾರ್ಕಸನು ಹಿಂದೂ ದೇಶದವರು ಬಟ್ಟೆಯ ಮೇಲೆ ಬರೆಯುವರೆಂದು ಹೇಳಿದ್ದನು. ಅದು ನಮ್ಮ ಕಡತವೇ ಇರಬೇಕೆಂದು ವಿಲ್ಕ್ಸರು ಊಹಿಸುತ್ತಾರೆ. ನಿಯಾರ್ಕಸನು ನೋಡಿದ್ದು ಸಿಂಧೂ ತೀರವನ್ನು; ತುಂಗಾ ತೀರವನ್ನಲ್ಲ. ಬಟ್ಟೆಯ ಮೇಲೆ ಬರೆಯುವ ವಾಡಿಕೆ ಬಹಳ ಹಳೆಯದೆಂದು ಮಾತ್ರ ಅದರಿಂದ ತಿಳಿಯುತ್ತದೆ. ನಮ್ಮ ಅಭಿಮಾನವನ್ನು ಅಷ್ಟಕ್ಕೇ ನಿಲ್ಲಿಸುವುದು ಮೇಲು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಸರ್ಕಾರದ ಲೆಕ್ಕಗಳನ್ನು ಕಡತದಲ್ಲಿ ಬರೆಯಕೂಡದೆಂದು ನಿಷೇಧಿಸಿದನು. ಅವನ ಕಂದಾಯದ ನಿಬಂಧನೆಗಳನ್ನು ಇಂಗ್ಲಿಷಿಗೆ ತಿರುಗಿಸಿದ ಕ್ರಿಸ್ಪ್ ಎಂಬವನಿಗೆ ಕಡತವೆಂದರೇನೆಂಬುದೇ ತಿಳಿಯದೆ, ತಾಳೆಯ ಗರಿ ಇರಬಹುದೆಂದು ಊಹೆಯಿಂದ ಬರೆದುಬಿಟ್ಟನು. ಆ ತಪ್ಪನ್ನು ತೋರಿಸಿಕೊಟ್ಟವರೂ ವಿಲ್ಕ್ಸರೇ. ಸುಲ್ತಾನನ ಆಜ್ಞೆಯಲ್ಲಿ ನ್ಯಾಯವಿದ್ದಿತು. ಇಬ್ಬರು ವರ್ತಕರ ನಡುವಣ ನಂಬಿಕೆಯು ಒಂದು ರಾಜ್ಯದ ಖಜಾನೆಗೆ ಸಾಲದು. ದೂರದಲ್ಲಿ ಕುಳಿತ ಅರಸನು ಪ್ರತಿಯೊಬ್ಬ ಶಾನುಭೋಗನ ಪಕ್ಕದಲ್ಲಿಯೂ ಕುಳಿತು ಕೇಳಲಾರನು. ಆದರೂ ಪೇಟೆಯವರು ಕಡತವನ್ನು ಬಿಡಲಿಲ್ಲ. ಸುಲ್ತಾನನು ೧೭೯೯ರಲ್ಲಿ ಮಡಿದ ಮೇಲೆಯೂ ಮೈಸೂರಿನ ವರ್ತಕರೆಲ್ಲರ ಕೈಯಲ್ಲಿಯೂ ಅದು ಇದ್ದುದನ್ನು ವಿಲ್ಕ್ಸರು ಕಂಡರು.

ಈ ಕಾಲಕ್ಕೆ ಲೆಕ್ಕದ ಮನೆಗೆ ಹೊರಗಿನ ನಂಟರು ತುಂಬಿಕೊಂಡಿದ್ದರು. ಬಿಜಾಪುರದವರೂ ಮೊಗಲರೂ ಮರಾಟರೂ ನವಾಬರೂ ಆಳಿದ ನಾಡು. ಜಮಾ, ಖರ್ಚು, ಬಾಕಿ, ವಸೂಲಿ, ಶಿಲ್ಕು, ರಸೀದಿ, ಖಿರ್ದಿ, ದಫ್ತರ: ಇವುಗಳಲ್ಲಿ ಅರಬ್ಬಿ, ಪಾರಸಿಗಳಿಂದ ನೇರವಾಗಿ ಬಂದವು ಕೆಲವು, ಮರಾಠಿಯ ಮೂಲಕ ಬಂದವು ಕೆಲವು. ದಫ್ತರವು ಇನ್ನೂ ದೂರದಿಂದ ಬಂದದ್ದು. ಅದರ ಮೂಲವು ಗ್ರೀಕರ ‘ದಿಫ್ಥೇರಾ’, ಎಂದರೆ ತೊಗಲು. ಅಯೋನಿಯದ ಗ್ರೀಕರು ಪುಸ್ತಕಗಳನ್ನು ತೊಗಲೆಂದೇ ಕರೆಯುತ್ತಿದ್ದರೆಂದು ಹೆರೊಡೋಟಸನು ಬರೆದಿದ್ದಾನೆ. ಕಾಗದದ ಮೇಲೆ ಬರೆದುದನ್ನು ನಾವು ದಫ್ತರವೆಂದರೆ ತೊಗಲು, ಕಡತವೆಂದರೆ ಬಟ್ಟೆ. ಬರೆಯುವ ವಸ್ತುವು ಸತ್ತರೂ ಹೆಸರು ಸಾಯದೆ ಮುಂದಿನ ವಸ್ತುವಿನ ಮೇಲೆ ಹೋಗಿ ಕುಳಿತುಕೊಳ್ಳುತ್ತದೆ. ಇಷ್ಟು ಮಂದಿ ನಂಟರು ಬಂದರೂ ಮನೆಯ ಯಜಮಾನಿಕೆ ಮಾತ್ರ ಲೆಕ್ಕದ ಕೈ ಬಿಡಲಿಲ್ಲ. ‘ಹಿಸಾಬು’ ಎಂಬ ಅರಬ್ಬಿ ಮಾತು ಬಾಗಿಲವರೆಗೆ ಬಂದಿತು. ಕೆಲವೆಡೆ ಪಡಸಾಲೆಗೂ ಬಂದಿತು. ಒಳಕ್ಕೆ ಬರಲಾರದೆ ಹೋಯಿತು.

ಏಕೆ? ಲೆಕ್ಕವು ಆ ಹೊತ್ತಿಗೆ ಅಂಕಿಗಳನ್ನು ಬಿಟ್ಟು ಬಹುದೂರ ಬಂದಿದ್ದುದೇ ಕಾರಣವೆಂದು ನನಗೆ ತೋರುತ್ತದೆ. ನಮ್ಮ ಜನರ ನಂಬಿಕೆಯಲ್ಲಿ ಮನುಷ್ಯನಿಗೆ ಎರಡು ಬರೆಹಗಳಿವೆ. ಒಂದು ಬ್ರಹ್ಮನು ಹಣೆಯಲ್ಲಿ ಬರೆದದ್ದು. ಅದಕ್ಕೆ ಹಣೆಬರೆಹವೆಂದು ಹೆಸರು. ಇನ್ನೊಂದು ಯಮನ ಕರಣಿಕನಾದ ಚಿತ್ರಗುಪ್ತನು ಬರೆದಿಡುವುದು. ಅದಕ್ಕೆ ಚಿತ್ರಗುಪ್ತನ ಲೆಕ್ಕವೆನ್ನುತ್ತೇವೆ. ಯಾರೂ ‘ಹಣೆಲೆಕ್ಕ’ ಎನ್ನುವುದಿಲ್ಲ, ‘ಚಿತ್ರಗುಪ್ತನ ಬರೆಹ’ ಎನ್ನುವುದೂ ಅಪೂರ್ವ. ಈ ವಿವೇಕವು ಯಾವ ನಿಘಂಟಿನಲ್ಲಿಯೂ ಇಲ್ಲ, ಆಡುವವರ ಕಿವಿಯಲ್ಲಿದೆ. ಹಣೆಬರೆಹಕ್ಕೆ ಕಾರಣ ಕೇಳುವಂತಿಲ್ಲ. ಅದನ್ನು ನಮಗೆ ಓದಿ ಹೇಳುವವರೂ ಇಲ್ಲ. ಚಿತ್ರಗುಪ್ತನದು ಒಂದು ದಿನ ನಮ್ಮೆದುರಿಗೇ ಓದಲ್ಪಡುವ ಬರೆಹ. ಅದಕ್ಕೆ ನಾವು ಉತ್ತರ ಕೊಡಬೇಕು. ಲೆಕ್ಕವನ್ನು ‘ಹೇಳುವುದು’ ಎನ್ನುವುದಕ್ಕಿಂತ ‘ಒಪ್ಪಿಸುವುದು’ ಎನ್ನುತ್ತೇವಲ್ಲ, ಆ ಕ್ರಿಯಾಪದದಲ್ಲಿಯೇ ಎದುರಿಗೆ ಒಬ್ಬನು ನಿಂತಿದ್ದಾನೆ. ‘ಲೆಕ್ಕಿಸು’ ಎಂದರೆ ಗೌರವಿಸು, ಗಮನಕ್ಕೆ ತಂದುಕೋ ಎಂದಾದುದು ಈ ಹಾದಿಯಿಂದ. ಒಬ್ಬನನ್ನು ಲೆಕ್ಕಿಸದಿರುವುದೆಂದರೆ ಅವನ ಹೆಸರನ್ನು ಬರೆದುಕೊಳ್ಳದೆ ಬಿಡುವುದು.

ಬರೆದುಕೊಳ್ಳದೆ ಬಿಟ್ಟರೆ ಏನಾಗುತ್ತದೆಂಬುದು ನಮ್ಮ ಹಳ್ಳಿಗಳ ರೈತನಿಗೆ ಚೆನ್ನಾಗಿ ಗೊತ್ತಿದ್ದಿತು. ಸಮಬಲವಿಲ್ಲದ ಕಡೆಯೆಂದು ನಾನು ಹೇಳಿದುದು ಇದನ್ನೇ. ಪೇಟೆಯಲ್ಲಿ ಎರಡು ಕಡತಗಳು ಎದುರುಬದುರಾಗಿ ಕುಳಿತರೆ ಹಳ್ಳಿಯಲ್ಲಿ ಕಡತವು ಒಂದೇ; ಅದು ಶಾನುಭೋಗರ ಮನೆಯಲ್ಲಿ. ಉದ್ಯೋಗವು ವಂಶಪಾರಂಪರ್ಯ; ಅಕ್ಷರವೂ ಬಹುಮಟ್ಟಿಗೆ ಹಾಗೆಯೇ. ರೈತನು ಕಂದಾಯವನ್ನು ತೆತ್ತದ್ದು ಜಮಾ ಆಯಿತೋ ಇಲ್ಲವೋ, ಹೊಲದ ಎಲ್ಲೆಯು ಎಲ್ಲಿಯವರೆಗೆ ಬರೆದಿದೆಯೋ, ಓದಲು ಬಾರದವನು ಏನನ್ನು ಬಲ್ಲನು? ಊರಿನ ಹಿತವನ್ನೇ ನೋಡಿದ, ಬರಗಾಲದಲ್ಲಿ ರೈತರ ಪರವಾಗಿ ಅಮಲ್ದಾರರೊಡನೆ ವಾದಿಸಿದ ಶಾನುಭೋಗರು ಎಷ್ಟೋ ಮಂದಿ ಇದ್ದರು. ಅದನ್ನು ಮರೆಯುವುದು ಅನ್ಯಾಯ. ಆದರೆ ಒಳ್ಳೆಯವನ ಕೈಯಲ್ಲಿದ್ದ ಲೆಕ್ಕಕ್ಕೂ ಕೆಟ್ಟವನ ಕೈಯಲ್ಲಿದ್ದ ಲೆಕ್ಕಕ್ಕೂ ರೈತನು ಹಾಕಬೇಕಾಗಿದ್ದುದು ಒಂದೇ ಹೆಬ್ಬೆಟ್ಟು. ಓದಿ ಹೇಳಿದುದನ್ನು ಹೌದೆನ್ನುವುದಕ್ಕೆ ಮಾತ್ರ ಅವನಿಗೆ ಅಧಿಕಾರವಿದ್ದು, ಅಲ್ಲವೆನ್ನುವುದಕ್ಕೆ ಸಾಧನವಿಲ್ಲದಿದ್ದರೆ ಅದು ಲೆಕ್ಕವಲ್ಲ, ಇನ್ನೊಂದು ಹಣೆಬರೆಹ. ನನ್ನ ಅಜ್ಜಿಯ ಗೋಡೆಯ ಮುಂದೆ ಹಾಲಿನವಳು ನಿಂತು ಬೆರಳಿಟ್ಟು ತಕರಾರು ಮಾಡಬಹುದಾಗಿದ್ದಿತು. ಶಾನುಭೋಗರ ಕಡತದ ಮುಂದೆ ಅವಳ ಗಂಡನಿಗೆ ಆ ಅನುಕೂಲವಿರಲಿಲ್ಲ.

೧೯೬೧ರಲ್ಲಿ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಶಾಸನವಾಯಿತು. ಅದು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದಿತು. ಸೇನಬೋವನ ವಂಶವು ಅಂದಿಗೆ ಸರ್ಕಾರದ ಕಾಗದಗಳಲ್ಲಿ ಮುಗಿಯಿತು. ಅವನ ಸ್ಥಾನಕ್ಕೆ ಸಂಬಳದ ನೌಕರನು ಬಂದನು. ಅವನಿಗೆ ಇಟ್ಟ ಹೆಸರು ‘ಗ್ರಾಮಲೆಕ್ಕಿಗ’. ಯಾರೋ ಭಾಷೆ ಬಲ್ಲವರು ಇಟ್ಟಿರಬೇಕು. ಪಾರಸಿಯೂ ಇಲ್ಲ, ಇಂಗ್ಲಿಷೂ ಇಲ್ಲ; ಪ್ರಾಕೃತದಿಂದ ಬಂದು ಕನ್ನಡದ ಪ್ರತ್ಯಯವನ್ನು ಧರಿಸಿ ನಿಂತ ಹೆಸರು. ಸುಮಾರು ನಲವತ್ತು ವರ್ಷ ಪಹಣಿಯೂ ಖಾತೆಯೂ ಆ ಲೆಕ್ಕಿಗನ ಕೈಬರೆಹದಲ್ಲಿದ್ದವು. ಎರಡು ಸಾವಿರದ ಇಸವಿಯ ಸುಮಾರಿಗೆ ‘ಭೂಮಿ’ ಎಂಬ ಯೋಜನೆಯಡಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಕೈಯಿಂದ ಬರೆದ ಪಹಣಿಗೆ ಬೆಲೆಯಿಲ್ಲವಾಯಿತು. ಈ ಯಂತ್ರದ ತೆರೆಯೂ ಒಂದು ಬಗೆಯ ಕಡತವೇ: ಬರೆಯಬಹುದು, ಒರಸಬಹುದು, ಮತ್ತೆ ಬರೆಯಬಹುದು. ಯಾರು ಒರಸಿದರು, ಯಾವ ಹೊತ್ತಿನಲ್ಲಿ ಒರಸಿದರು ಎಂಬುದನ್ನು ಅದೇ ಯಂತ್ರವು ಬೇರೆಡೆ ಬರೆದಿಟ್ಟುಕೊಳ್ಳುವಂತೆ ಏರ್ಪಡಿಸಬಹುದೆಂಬುದಷ್ಟೇ ಹೊಸದು. ಹಿಂದೆ ಆ ಕೆಲಸವನ್ನು ಪೇಟೆಬೀದಿಯ ನಾಲಗೆಗಳು ಮಾಡುತ್ತಿದ್ದವು.

ಈಚಿನ ವರ್ಷಗಳಲ್ಲಿ ಗ್ರಾಮಲೆಕ್ಕಿಗನ ಹೆಸರನ್ನೂ ಬದಲಾಯಿಸಿ ‘ಗ್ರಾಮ ಆಡಳಿತ ಅಧಿಕಾರಿ’ ಎಂದು ಮಾಡಿದ್ದಾರೆ. ಲೆಕ್ಕಕ್ಕಿಂತ ಆಡಳಿತವು ದೊಡ್ಡದೆಂದು ತೋರಿರಬೇಕು. ಹೊಸ ಫಲಕಗಳು ಬಂದಿವೆ. ಆದರೆ ಹಳೆಯ ಮೈಸೂರಿನ ಕಡೆಯ ಹಳ್ಳಿಗಳಲ್ಲಿ ಪಹಣಿಯ ತಪ್ಪನ್ನು ತಿದ್ದಿಸಲು ಹೊರಟ ಮುದುಕನನ್ನು ‘ಎಲ್ಲಿಗೆ ಹೊರಟಿರಿ?’ ಎಂದು ಕೇಳಿದರೆ, ಅರುವತ್ತು ವರ್ಷಗಳ ಹಿಂದೆ ರದ್ದಾದ ಹೆಸರನ್ನೇ ಅವನು ಇನ್ನೂ ಹೇಳುತ್ತಾನೆ: ‘ಶಾನುಭೋಗರ ಹತ್ತಿರಕ್ಕೆ ಸ್ವಾಮಿ, ಒಂದು ಲೆಕ್ಕ ನೋಡೋದಿತ್ತು.’